ನಾಲ್ಕು ವಿಭಾಗಗಳ ಪರೀಕ್ಷೆಗೆ ಒಂದೇ ಅಭ್ಯಾಸ: ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಯ ತಯಾರಿಯಲ್ಲಿ ಕೌಶಲಗಳನ್ನು ಬೆಸೆಯುವ ಬಗೆ

ದೇರಳಕಟ್ಟೆಯ ನರ್ಸಿಂಗ್ ಕಾಲೇಜುಗಳಿಂದ ಮಣಿಪಾಲದ ಎಂಜಿನಿಯರಿಂಗ್ ತರಗತಿಗಳವರೆಗೆ, ಕೊನೆಯ ವರ್ಷದ ವಿದ್ಯಾರ್ಥಿಗಳ ಮಾತಿನಲ್ಲಿ ಐಇಎಲ್‌ಟಿಎಸ್, ಟೋಫೆಲ್, ಪಿಟಿಇ, ಒಇಟಿ ಎಂಬ ಹೆಸರುಗಳು ಈಗ ಸೆಮಿಸ್ಟರ್ ಪರೀಕ್ಷೆಯ ಹೆಸರಿನಷ್ಟೇ ಸಹಜವಾಗಿ ಬರುತ್ತವೆ. ಐರ್ಲೆಂಡ್ ಅಥವಾ ಕೆನಡಾದಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂದಿರುವವರಿಗೂ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿಯಬೇಕೆಂದಿರುವವರಿಗೂ ತಾವು ಇಂಗ್ಲಿಷ್ ಬಲ್ಲೆವು ಎಂಬುದಕ್ಕೆ ಪ್ರಮಾಣಪತ್ರ ಬೇಕು. ಅದಕ್ಕಾಗಿ ಎರಡು ಮೂರು ತಿಂಗಳು ಬಿಡುವು ಮಾಡಿಕೊಂಡು ಕುಳಿತವರ ವೇಳಾಪಟ್ಟಿಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ: ಸೋಮವಾರ ಲಿಸನಿಂಗ್, ಮಂಗಳವಾರ ರೀಡಿಂಗ್, ಬುಧವಾರ ರೈಟಿಂಗ್, ಗುರುವಾರ ಸ್ಪೀಕಿಂಗ್, ವಾರದ ಕೊನೆಗೆ ಒಂದು ಮಾದರಿ ಪರೀಕ್ಷೆ. ಪರೀಕ್ಷೆಯಲ್ಲಿ ನಾಲ್ಕು ವಿಭಾಗಗಳಿರುವುದರಿಂದ ತಯಾರಿಯನ್ನೂ ನಾಲ್ಕಾಗಿ ಹಂಚಿಕೊಳ್ಳುವುದು ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಆದರೆ ಹೀಗೆ ಹಂಚಿಹೋದ ತಯಾರಿಯೇ ಅನೇಕರ ಅಂಕವನ್ನು ಒಂದು ಮಟ್ಟದಲ್ಲಿ ತಡೆದು ನಿಲ್ಲಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೇಕೆ, ಮತ್ತು ಅದನ್ನು ಸರಿಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪರೀಕ್ಷೆಗಳ ಸ್ವರೂಪವನ್ನು ಸಂಕ್ಷಿಪ್ತವಾಗಿ ನೋಡೋಣ. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್‌ನಲ್ಲಿ ಲಿಸನಿಂಗ್ ಮತ್ತು ರೀಡಿಂಗ್ ವಿಭಾಗಗಳಿಗೆ ತಲಾ 40 ಪ್ರಶ್ನೆಗಳಿವೆ. ರೈಟಿಂಗ್ ವಿಭಾಗದಲ್ಲಿ 60 ನಿಮಿಷಗಳಲ್ಲಿ ಕನಿಷ್ಠ 150 ಪದಗಳ ಒಂದು ಮತ್ತು ಕನಿಷ್ಠ 250 ಪದಗಳ ಇನ್ನೊಂದು ಬರಹವನ್ನು ಬರೆಯಬೇಕು. ಎರಡನೆಯದಕ್ಕೆ ಮೊದಲನೆಯದರ ಎರಡರಷ್ಟು ತೂಕವಿದೆ. ಸ್ಪೀಕಿಂಗ್ ಎಂಬುದು ಪರೀಕ್ಷಕರೊಂದಿಗೆ 11ರಿಂದ 14 ನಿಮಿಷಗಳ ಮುಖಾಮುಖಿ ಮಾತುಕತೆ. ನಾಲ್ಕೂ ವಿಭಾಗಗಳಿಗೆ 9ರವರೆಗಿನ ಅಂಕ, ಅಂದರೆ ಬ್ಯಾಂಡ್, ಕೊಟ್ಟು, ಸರಾಸರಿಯನ್ನು ಹತ್ತಿರದ ಅರ್ಧ ಬ್ಯಾಂಡಿಗೆ ಹೊಂದಿಸುತ್ತಾರೆ. ಪಿಯರ್ಸನ್ ಸಂಸ್ಥೆ 2009ರಲ್ಲಿ ತಂದ ಪಿಟಿಇ ಅಕಾಡೆಮಿಕ್ ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಅದರ ಅಂಕಗಳು 10ರಿಂದ 90ರವರೆಗೆ ಇರುತ್ತವೆ. ಒಇಟಿಯನ್ನು ಆರೋಗ್ಯ ಕ್ಷೇತ್ರದ 12 ವೃತ್ತಿಗಳಿಗಾಗಿಯೇ ರೂಪಿಸಲಾಗಿದೆ. ಟೋಫೆಲ್ ಇವೆಲ್ಲಕ್ಕಿಂತ ಹಳೆಯದು, 1964ರಿಂದ ನಡೆಯುತ್ತಾ ಬಂದಿದೆ.

ಸರಾಸರಿ ಎಂಬುದು ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. ಒಬ್ಬ ಅಭ್ಯರ್ಥಿಗೆ ಲಿಸನಿಂಗ್‌ನಲ್ಲಿ 8, ರೀಡಿಂಗ್‌ನಲ್ಲಿ 7.5, ರೈಟಿಂಗ್‌ನಲ್ಲಿ 6, ಸ್ಪೀಕಿಂಗ್‌ನಲ್ಲಿ 6.5 ಬಂದಿದೆ ಎಂದಿಟ್ಟುಕೊಳ್ಳೋಣ. ಒಟ್ಟು ಬ್ಯಾಂಡ್ ಸರಿಯಾಗಿ 7. ಆದರೆ ನರ್ಸ್‌ಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆಯಾದ ನರ್ಸಿಂಗ್ ಆಂಡ್ ಮಿಡ್‌ವೈಫರಿ ಕೌನ್ಸಿಲ್ ಕೇಳುವುದು ಓದು, ಆಲಿಸುವಿಕೆ ಮತ್ತು ಮಾತು ಮೂರರಲ್ಲಿಯೂ 7 ಹಾಗೂ ಬರವಣಿಗೆಯಲ್ಲಿ 6.5. ಅಂದರೆ ಒಟ್ಟು 7 ಬಂದರೂ ಈ ಅಭ್ಯರ್ಥಿಗೆ ಎರಡು ವಿಭಾಗಗಳಲ್ಲಿ ಅರ್ಹತೆ ಸಿಕ್ಕಿಲ್ಲ. ಕೇಳಿದ್ದು, ಓದಿದ್ದು ಅರ್ಥವಾಗುತ್ತದೆ, ಆದರೆ ಬರೆಯುವಾಗ ಮತ್ತು ಮಾತನಾಡುವಾಗ ಅಷ್ಟು ಮಟ್ಟಕ್ಕೆ ಏರಲಾಗುವುದಿಲ್ಲ ಎಂಬ ಈ ಚಿತ್ರ ನಮ್ಮಲ್ಲಿ ತೀರಾ ಸಾಮಾನ್ಯ. ಇಂಥವರಿಗೆ ಸಿಗುವ ಸಲಹೆ ಎಂದರೆ ‘ಇನ್ನಷ್ಟು ಪ್ರಬಂಧ ಬರೆಯಿರಿ, ಇನ್ನಷ್ಟು ಮಾತನಾಡಿ’ ಎಂಬುದು. ಅದು ಅರ್ಧ ಸತ್ಯ ಮಾತ್ರ. ಬರವಣಿಗೆಯ ಕೊರತೆ ಹಲವು ಸಲ ಹುಟ್ಟುವುದು ಬರವಣಿಗೆಯಲ್ಲೇ ಅಲ್ಲ. ಓದುವ ಮತ್ತು ಆಲಿಸುವ ಕ್ರಮದಲ್ಲಿ.

ಒಂದು ಕೌಶಲದೊಳಗೆ ಇನ್ನೊಂದು

ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ಅದರ ವಿಭಾಗಗಳು ಹೆಸರಿನಲ್ಲಿ ಮಾತ್ರ ಬೇರೆ ಬೇರೆಯಾಗಿರುವುದು ತಿಳಿಯುತ್ತದೆ. ಐಇಎಲ್‌ಟಿಎಸ್‌ನ ಲಿಸನಿಂಗ್ ವಿಭಾಗದಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ. ಅಭ್ಯರ್ಥಿ ಮುಂದೆ ಬರುವ ಪ್ರಶ್ನೆಗಳ ಮೇಲೆ ಕಣ್ಣಾಡಿಸುತ್ತಾ, ಕಿವಿಗೆ ಬೀಳುತ್ತಿರುವುದನ್ನು ಗ್ರಹಿಸುತ್ತಾ, ಸಿಕ್ಕ ಉತ್ತರವನ್ನು ಸರಿಯಾದ ಕಾಗುಣಿತದಲ್ಲಿ ಬರೆಯಬೇಕು. ಕಾಗುಣಿತ ತಪ್ಪಿದರೆ, ಬಹುವಚನದ ಕೊನೆಯಲ್ಲಿರುವ ‘ಎಸ್’ ಬಿಟ್ಟುಹೋದರೆ, ಎರಡು ಪದಗಳ ಮಿತಿ ಹೇಳಿದ್ದಲ್ಲಿ ಮೂರು ಪದ ಬರೆದರೆ ಆ ಅಂಕ ಹೋಯಿತು. ಅಂದರೆ ಲಿಸನಿಂಗ್ ಎಂದು ಕರೆಯುವ ಈ ಅರ್ಧ ಗಂಟೆಯಲ್ಲಿ ವೇಗದ ಓದು, ವ್ಯಾಕರಣ ಮತ್ತು ಬರವಣಿಗೆ ಮೂರೂ ಪರೀಕ್ಷೆಗೆ ಒಳಗಾಗುತ್ತಿರುತ್ತವೆ. ರೈಟಿಂಗ್ ಆರಂಭವಾಗುವುದು ಪ್ರಶ್ನೆಯ ಓದಿನಿಂದ. ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರಿಸಿದ ಪ್ರಬಂಧಕ್ಕೆ, ಅದರ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ, ಕೇಳಿದ್ದಕ್ಕೆ ಪೂರ್ತಿ ಉತ್ತರ ಇದೆಯೇ ಎಂಬ ಮೊದಲ ಮಾನದಂಡದಲ್ಲೇ ಅಂಕ ಇಳಿಯುತ್ತದೆ. ಸ್ಪೀಕಿಂಗ್‌ನ ಮೂರನೆಯ ಭಾಗ ಪೂರ್ತಿಯಾಗಿ ಆಲಿಸುವಿಕೆಯ ಮೇಲೆ ನಿಂತಿದೆ, ಏಕೆಂದರೆ ಅಲ್ಲಿ ಪರೀಕ್ಷಕರು ಅಭ್ಯರ್ಥಿಯ ಉತ್ತರವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುತ್ತಾರೆ.

ಪಿಟಿಇ ಈ ಬೆಸುಗೆಯನ್ನು ಅಂಕ ಕೊಡುವ ಕ್ರಮದಲ್ಲಿಯೇ ಒಪ್ಪಿಕೊಂಡಿದೆ. ಕೇಳಿದ ವಾಕ್ಯವನ್ನು ಹಾಗೆಯೇ ಬರೆಯುವ ಪ್ರಶ್ನೆಯಲ್ಲಿ ಗಳಿಸಿದ ಅಂಕ ಲಿಸನಿಂಗ್ ಮತ್ತು ರೈಟಿಂಗ್ ಎರಡಕ್ಕೂ ಸೇರುತ್ತದೆ. ಒಂದು ಸಣ್ಣ ಉಪನ್ಯಾಸ ಆಲಿಸಿ 50ರಿಂದ 70 ಪದಗಳಲ್ಲಿ ಸಾರಾಂಶ ಬರೆಯುವ ಪ್ರಶ್ನೆಯೂ ಹಾಗೆಯೇ. ಟೋಫೆಲ್ ಕೂಡ 2005ರಲ್ಲಿ ಇಂಟರ್ನೆಟ್ ಆಧಾರಿತ ರೂಪಕ್ಕೆ ಬಂದಾಗ, ಒಂದು ಪಠ್ಯವನ್ನು ಓದಿ, ಅದೇ ವಿಷಯದ ಉಪನ್ಯಾಸವನ್ನು ಆಲಿಸಿ, ಇವೆರಡರ ನಡುವಿನ ಸಂಬಂಧವನ್ನು ಬರೆಯುವ ಪ್ರಶ್ನೆಯನ್ನು ತಂದಿತ್ತು. ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ದಿನವೂ ಮಾಡುವ ಕೆಲಸ ಇದೇ ಆದ್ದರಿಂದ ಪರೀಕ್ಷೆಯೂ ಅದನ್ನೇ ಅಳೆಯಬೇಕೆಂಬುದು ಇದರ ಹಿಂದಿನ ವಿಚಾರ.

ಭಾಷಾ ಬೋಧನೆಯ ಚಿಂತನೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಭಾಷಿಕ ಮಕ್ಕಳನ್ನು ಗಮನಿಸಿದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್, ಆ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳಿ, ಓದಿ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರೂ ಮಾತು ಮತ್ತು ಬರಹದಲ್ಲಿ ವ್ಯಾಕರಣದ ಕೊರತೆ ಉಳಿದೇ ಇರುವುದನ್ನು ಕಂಡರು. ಅರ್ಥ ಮಾಡಿಕೊಳ್ಳುವಾಗ ಮನಸ್ಸು ಮುಖ್ಯ ಪದಗಳನ್ನು ಹಿಡಿದುಕೊಂಡು ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ತಾನೇ ವಾಕ್ಯ ಕಟ್ಟಬೇಕಾಗಿ ಬಂದಾಗ ಮಾತ್ರ ತನಗೆ ಏನು ಗೊತ್ತಿಲ್ಲ ಎಂಬುದು ಅದರ ಅರಿವಿಗೆ ಬರುತ್ತದೆ ಎಂಬುದು 1985ರಲ್ಲಿ ಅವರು ಮುಂದಿಟ್ಟ ವಿಚಾರದ ತಿರುಳು. ಯುರೋಪಿನ ಭಾಷಾ ಮಟ್ಟಗಳ ಚೌಕಟ್ಟಾದ ಸಿಇಎಫ್ಆರ್ 2001ರಲ್ಲಿ ಪ್ರಕಟವಾದಾಗಲೇ ನಾಲ್ಕು ಕೌಶಲಗಳ ಹಳೆಯ ವಿಂಗಡಣೆಯನ್ನು ದಾಟಿ, ಗ್ರಹಿಕೆ, ಅಭಿವ್ಯಕ್ತಿ, ಪರಸ್ಪರ ಸಂವಹನ ಮತ್ತು ಮಧ್ಯಸ್ಥಿಕೆ ಎಂಬ ನಾಲ್ಕು ಬಗೆಯ ಚಟುವಟಿಕೆಗಳನ್ನು ಹೆಸರಿಸಿತ್ತು. ಇವುಗಳಲ್ಲಿ ಮಧ್ಯಸ್ಥಿಕೆ ಎಂದರೆ ಒಂದೆಡೆ ಕೇಳಿದ್ದನ್ನು ಅಥವಾ ಓದಿದ್ದನ್ನು ಇನ್ನೊಬ್ಬರಿಗೆ ತಲುಪುವಂತೆ ಬೇರೊಂದು ರೂಪಕ್ಕೆ ತರುವುದು.

ಈ ಕೊನೆಯ ಚಟುವಟಿಕೆಯಲ್ಲಿ ಕರಾವಳಿಯವರು ಯಾರಿಗೂ ಕಡಿಮೆಯಿಲ್ಲ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಬ್ಯಾಂಕಿನಲ್ಲಿ ಇಂಗ್ಲಿಷ್ ಅರ್ಜಿ ತುಂಬುವ ಹುಡುಗಿ ದಿನಕ್ಕೆ ಎಷ್ಟೋ ಸಲ ಈ ಕೆಲಸ ಮಾಡುತ್ತಾಳೆ. ತಾಳಮದ್ದಳೆಯನ್ನು ನೋಡಿದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ವೇಷವಿಲ್ಲದೆ, ಕುಣಿತವಿಲ್ಲದೆ ಎದುರುಬದುರು ಕುಳಿತ ಅರ್ಥಧಾರಿ ಮೊದಲೇ ಪ್ರಸಂಗವನ್ನೂ ಪುರಾಣವನ್ನೂ ಓದಿಕೊಂಡಿರುತ್ತಾನೆ, ಭಾಗವತರು ಹಾಡಿದ ಪದ್ಯವನ್ನು ಆಲಿಸುತ್ತಾನೆ, ಎದುರಿನ ಪಾತ್ರ ಎತ್ತಿದ ಆಕ್ಷೇಪವನ್ನು ನೆನಪಿಟ್ಟುಕೊಳ್ಳುತ್ತಾನೆ, ಆಮೇಲೆ ಆ ಕ್ಷಣದಲ್ಲೇ ವಾಕ್ಯ ಕಟ್ಟಿ ಮಾತಾಡುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಬಾಯಿಪಾಠದಿಂದ ಬರುವಂಥದ್ದಲ್ಲ. ಓದು, ಆಲಿಕೆ ಮತ್ತು ಮಾತು ಒಂದನ್ನೊಂದು ಬೆಳೆಸಿದ ಫಲ ಅದು. ಇಂಗ್ಲಿಷಿನ ತಯಾರಿಯಲ್ಲಿಯೂ ಬೇಕಾಗಿರುವುದು ಇದೇ ಕ್ರಮ.

ಒಂದೇ ವಿಷಯವನ್ನು ನಾಲ್ಕು ಸುತ್ತು

ಹಾಗಾದರೆ ಮಾಡುವುದು ಹೇಗೆ? ವಾರಕ್ಕೆ ನಾಲ್ಕು ಬೇರೆ ಬೇರೆ ಸಾಮಗ್ರಿಗಳ ಬದಲು ಒಂದೇ ವಿಷಯವನ್ನು ಆರಿಸಿಕೊಳ್ಳಿ, ಅದನ್ನು ನಾಲ್ಕೂ ಕೌಶಲಗಳ ಮೂಲಕ ಹಾಯಿಸಿ. ವಿಷಯ ನಿಮಗೆ ಸ್ವಲ್ಪ ಗೊತ್ತಿರುವಂಥದ್ದಾದರೆ ಒಳ್ಳೆಯದು, ಏಕೆಂದರೆ ಆಗ ಮನಸ್ಸಿನ ಶಕ್ತಿಯೆಲ್ಲ ಭಾಷೆಗೆ ಸಿಗುತ್ತದೆ. ಉದಾಹರಣೆಗೆ ಕಡಲ್ಕೊರೆತವನ್ನು ತೆಗೆದುಕೊಳ್ಳೋಣ. ಉಳ್ಳಾಲ, ಸೋಮೇಶ್ವರದ ಕಡೆ ಮಳೆಗಾಲದಲ್ಲಿ ಕಡಲು ಮನೆಯಂಗಳಕ್ಕೆ ಬರುವುದನ್ನು ಇಲ್ಲಿಯವರು ಕಂಡಿದ್ದಾರೆ; ಕಲ್ಲಿನ ತಡೆಗೋಡೆಯ ಪರ ವಿರೋಧದ ವಾದಗಳನ್ನೂ ಕೇಳಿದ್ದಾರೆ. ಪರಿಸರ, ಸರ್ಕಾರದ ವೆಚ್ಚ, ಜನರ ಸ್ಥಳಾಂತರ ಎಲ್ಲವೂ ಈ ಒಂದು ವಿಷಯದೊಳಗೆ ಇರುವುದರಿಂದ ಪರೀಕ್ಷೆಯ ಪ್ರಬಂಧಗಳಿಗೂ ಅದು ಹತ್ತಿರದ್ದು.

ಮೊದಲ ಸುತ್ತು ಆಲಿಸುವುದು. ಕಡಲ್ಕೊರೆತದ ಬಗ್ಗೆ ಐದಾರು ನಿಮಿಷಗಳ ಒಂದು ಇಂಗ್ಲಿಷ್ ಉಪನ್ಯಾಸ ಅಥವಾ ರೇಡಿಯೊ ವರದಿಯನ್ನು, ಅದರ ಲಿಖಿತ ಪಠ್ಯವೂ ಸಿಗುವಂಥದ್ದನ್ನು, ಹುಡುಕಿಕೊಳ್ಳಿ. ಒಮ್ಮೆ ನಿಲ್ಲಿಸದೆ ಪೂರ್ತಿ ಕೇಳಿ. ಎರಡನೆಯ ಸಲ ಕೇಳುವಾಗ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಳ್ಳಿ. ಆಮೇಲೆ ಧ್ವನಿಯನ್ನು ನಿಲ್ಲಿಸಿ, ಆ ಗುರುತುಗಳ ಆಧಾರದಲ್ಲಿ ಒಂದು ನಿಮಿಷದಷ್ಟು ಭಾಗವನ್ನು ಪೂರ್ಣ ವಾಕ್ಯಗಳಲ್ಲಿ ಮರಳಿ ಬರೆಯಿರಿ. ಕೊನೆಗೆ ಮೂಲ ಪಠ್ಯದ ಪಕ್ಕದಲ್ಲಿಟ್ಟು ಹೋಲಿಸಿ. ರೂತ್ ವೈನ್‌ರಿಬ್ 1990ರಲ್ಲಿ ವಿವರಿಸಿದ, ಡಿಕ್ಟೊಗ್ಲಾಸ್ ಎಂದು ಕರೆಯುವ ಕ್ರಮ ಇದು. ಮೂರು ಜನ ಸೇರಿ ಮಾಡಿದರೆ ಇನ್ನೂ ಪ್ರಯೋಜನಕಾರಿ, ಏಕೆಂದರೆ ಯಾರ ವಾಕ್ಯ ಸರಿ ಎಂಬ ಚರ್ಚೆಯೇ ಒಂದು ಪಾಠವಾಗುತ್ತದೆ; ಆ ಚರ್ಚೆ ಕನ್ನಡದಲ್ಲಿ ನಡೆದರೂ ತೊಂದರೆಯಿಲ್ಲ.

ಹೋಲಿಕೆಯಲ್ಲಿ ಏನು ಸಿಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ನೋಡಬಹುದು. ಮೂಲದಲ್ಲಿ ‘ದಿ ಸೀವಾಲ್ ಪ್ರೊಟೆಕ್ಟ್ಸ್ ದಿ ಲ್ಯಾಂಡ್ ಬಿಹೈಂಡ್ ಇಟ್, ಬಟ್ ಇಟ್ ಸ್ಟಾರ್ವ್ಸ್ ದಿ ನೆಕ್ಸ್ಟ್ ಬೀಚ್ ಆಫ್ ಸ್ಯಾಂಡ್’ ಎಂದಿದೆ ಎಂದುಕೊಳ್ಳಿ. ವಿದ್ಯಾರ್ಥಿ ಮರಳಿ ಬರೆದದ್ದು ‘ಸೀವಾಲ್ ಪ್ರೊಟೆಕ್ಟ್ ದಿ ಲ್ಯಾಂಡ್ ಆಂಡ್ ನೆಕ್ಸ್ಟ್ ಬೀಚ್ ಈಸ್ ನಾಟ್ ಗೆಟ್ಟಿಂಗ್ ಸ್ಯಾಂಡ್’ ಎಂದು. ಅರ್ಥ ಬಹುಮಟ್ಟಿಗೆ ಹಿಡಿತಕ್ಕೆ ಬಂದಿದೆ, ಬಹು ಆಯ್ಕೆಯ ಪ್ರಶ್ನೆಯಾಗಿದ್ದರೆ ಉತ್ತರವೂ ಸರಿಯಾಗುತ್ತಿತ್ತು. ಆದರೆ ಕಳೆದುಹೋದದ್ದನ್ನು ನೋಡಿ. ‘ಆದರೆ’ ಇದ್ದಲ್ಲಿ ‘ಮತ್ತು’ ಬಂದಿದೆ, ಹಾಗಾಗಿ ಗೋಡೆಯಿಂದ ಒಂದೆಡೆ ಲಾಭ ಮತ್ತೊಂದೆಡೆ ನಷ್ಟ ಎಂಬ ವಾದದ ತಿರುವೇ ಮಾಯವಾಗಿದೆ. ಗೋಡೆಯ ಹಿಂದಿನ ನೆಲ ಎಂಬ ನಿಖರತೆ ಹೋಗಿದೆ. ಪಕ್ಕದ ದಂಡೆಗೆ ಗೋಡೆಯೇ ಮರಳು ಸಿಗದಂತೆ ಮಾಡುತ್ತದೆ ಎಂಬ ಕಾರಣ ಸಂಬಂಧ, ದಂಡೆಗೆ ಮರಳು ಸಿಗುತ್ತಿಲ್ಲ ಎಂಬ ಬರಿಯ ಸಂಗತಿಯಾಗಿ ಇಳಿದಿದೆ. ನಮ್ಮ ‘ಸಿಗುತ್ತಾ ಇಲ್ಲ’ ಎಂಬ ಕ್ರಿಯಾರೂಪ ಇಂಗ್ಲಿಷಿನೊಳಗೆ ಹಾಗೆಯೇ ಬಂದು ಕುಳಿತಿದೆ. ವಾಕ್ಯದ ಆರಂಭದಲ್ಲಿದ್ದ ‘ದಿ’ ಬಿಟ್ಟುಹೋಗಿದೆ.

ಇನ್ನೊಂದು ತಪ್ಪು ಚಿಕ್ಕದಾಗಿ ಕಂಡರೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ‘ಪ್ರೊಟೆಕ್ಟ್ಸ್’ ಎಂಬಲ್ಲಿಯ ಕೊನೆಯ ‘ಎಸ್’ ಬರಹದಲ್ಲಿಲ್ಲ. ಈ ನಿಯಮ ಆ ವಿದ್ಯಾರ್ಥಿಗೆ ಗೊತ್ತಿಲ್ಲವೆಂದಲ್ಲ. ಪ್ರೌಢಶಾಲೆಯಲ್ಲಿಯೇ ಅದನ್ನು ಕಲಿತಾಗಿದೆ. ಆದರೆ ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಪದದ ತುದಿಯಲ್ಲಿ ಕ, ಟ, ಸ ಮೂರು ವ್ಯಂಜನಗಳು ಒಟ್ಟಿಗೆ ಬರುವುದು ನಮ್ಮ ಕಿವಿಗೆ ಅಭ್ಯಾಸವಿಲ್ಲ. ಕಿವಿಗೆ ಬೀಳದ ಸದ್ದು ನಾಲಗೆಗೆ ಬರುವುದಿಲ್ಲ, ನಾಲಗೆಯಲ್ಲಿ ಇಲ್ಲದ್ದು ಅವಸರದ ಬರವಣಿಗೆಯಲ್ಲಿ ಬಿಟ್ಟುಹೋಗುತ್ತದೆ. ಹೀಗೆ ಒಂದೇ ಕೊರತೆ ಲಿಸನಿಂಗ್‌ನಲ್ಲಿ ಬಹುವಚನ ತಪ್ಪಿದ ಉತ್ತರವಾಗಿ, ರೈಟಿಂಗ್‌ನಲ್ಲಿ ವ್ಯಾಕರಣ ದೋಷವಾಗಿ, ಸ್ಪೀಕಿಂಗ್‌ನಲ್ಲಿ ಉಚ್ಚಾರಣೆಯ ದೋಷವಾಗಿ ಮೂರು ಕಡೆ ಅಂಕ ಕಳೆಯುತ್ತದೆ. ವಿಭಾಗವಾರು ತಯಾರಿ ಮಾಡುವವರು ಇದನ್ನು ಮೂರು ಬೇರೆ ಬೇರೆ ಸಮಸ್ಯೆಗಳೆಂದು ತಿಳಿದು ಮೂರು ಕಡೆ ಔಷಧ ಹುಡುಕುತ್ತಾರೆ. ಮೂಲ ಇರುವುದು ಒಂದೇ ಕಡೆ. ಪಠ್ಯವನ್ನು ಎದುರಿಗಿಟ್ಟುಕೊಂಡು ಪದಾಂತ್ಯದ ಸದ್ದುಗಳನ್ನೇ ಗಮನಿಸಿ ಕೇಳುವುದು, ಧ್ವನಿಯ ಬೆನ್ನಿಗೇ ತಾನೂ ಗಟ್ಟಿಯಾಗಿ ಹೇಳುವುದು, ಹೇಳಿದ್ದನ್ನು ಬರೆಯುವುದು, ಇಷ್ಟನ್ನು ಒಟ್ಟಾಗಿ ಕೆಲವು ವಾರ ಮಾಡಿದರೆ ಮೂರೂ ಕಡೆಯ ತಪ್ಪು ಕಡಿಮೆಯಾಗುತ್ತದೆ. ಉಡುಪಿಯಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಕೇಳುವ ಕೆಲಸಕ್ಕೆ ಆ ಪ್ರಯಾಣ ಸಾಕು. ಗಟ್ಟಿಯಾಗಿ ಹೇಳುವುದನ್ನು ಮನೆಗೆ ಬಿಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯ ಸುತ್ತು ಓದು. ಅದೇ ವಿಷಯದ ಮೇಲೆ ಒಂದು ಲೇಖನವನ್ನು ಆರಿಸಿ, ಮೊದಲು ಪರೀಕ್ಷೆಯ ರೀತಿಯಲ್ಲಿ ಗಡಿಯಾರ ಇಟ್ಟುಕೊಂಡು ಓದಿ. ಬಹುತೇಕ ಅಭ್ಯರ್ಥಿಗಳು ಇಲ್ಲಿಗೆ ನಿಲ್ಲಿಸುತ್ತಾರೆ: ಸರಿ, ತಪ್ಪು, ಹೇಳಿಲ್ಲ ಎಂದು ಗುರುತು ಹಾಕಿ, ಉತ್ತರ ತಾಳೆ ನೋಡಿ, ಮುಂದಿನ ಪಠ್ಯಕ್ಕೆ ಹೋಗಿಬಿಡುತ್ತಾರೆ. ಆ ಪಠ್ಯದಿಂದ ಸಿಗಬೇಕಾದ ದೊಡ್ಡ ಲಾಭ ಸಿಗುವುದು ಎರಡನೆಯ ಓದಿನಲ್ಲಿ. ಈ ಸಲ ಬರೆಯುವವರ ಕಣ್ಣಿನಿಂದ ಓದಬೇಕು. ಲೇಖಕರು ಎದುರು ಪಕ್ಷದ ವಾದವನ್ನು ಯಾವ ವಾಕ್ಯದಲ್ಲಿ ಒಪ್ಪಿಕೊಂಡರು, ಯಾವ ಪದದಿಂದ ತಮ್ಮ ಕಡೆಗೆ ತಿರುಗಿದರು, ಅಂಕಿ ಅಂಶವನ್ನು ವಾಕ್ಯದ ಯಾವ ಜಾಗದಲ್ಲಿ ಇಟ್ಟರು, ಒಂದು ಪ್ಯಾರಾದ ಕೊನೆಯಿಂದ ಮುಂದಿನದಕ್ಕೆ ಹೇಗೆ ದಾಟಿದರು ಎಂಬುದನ್ನು ಗುರುತಿಸಿಕೊಳ್ಳಬೇಕು. ಐಇಎಲ್‌ಟಿಎಸ್ ಬರವಣಿಗೆಗೆ ಅಂಕ ಕೊಡುವ ನಾಲ್ಕು ಮಾನದಂಡಗಳಲ್ಲಿ ಒಂದು ವಿಚಾರಗಳ ಜೋಡಣೆ ಮತ್ತು ಬಂಧಕ್ಕೆ ಸಂಬಂಧಿಸಿದ್ದು. ಆ ಜೋಡಣೆಯನ್ನು ‘ಫರ್ದರ್‌ಮೋರ್’, ‘ಮೋರೋವರ್’ ಎಂಬ ಪದಗಳ ಪಟ್ಟಿಯಿಂದ ಕಲಿಯಲಾಗುವುದಿಲ್ಲ, ಇಂಥ ಓದಿನಿಂದ ಕಲಿಯಬಹುದು. ಪದಸಂಪತ್ತಿಗೂ ಇದೇ ಮಾತು ಸಲ್ಲುತ್ತದೆ: ಒಂಟಿ ಪದಗಳನ್ನು ಉರು ಹೊಡೆಯುವ ಬದಲು, ಉಪನ್ಯಾಸದಲ್ಲಿ ಕೇಳಿದ್ದ ಪದಗುಚ್ಛ ಲೇಖನದಲ್ಲಿ ಮತ್ತೆ ಎದುರಾದಾಗ ಅದನ್ನು ಗುರುತು ಹಾಕಿಕೊಂಡರೆ ಅದು ಯಾವ ಜೊತೆಗಾರ ಪದಗಳೊಂದಿಗೆ ಬರುತ್ತದೆ ಎಂಬುದೂ ನೆನಪಿನಲ್ಲಿ ಉಳಿಯುತ್ತದೆ.

ಓದು ಮುಗಿದ ಮೇಲೆ, ಪ್ರಬಂಧಕ್ಕೆ ಮೊದಲು, ಲೇಖನವನ್ನೆಲ್ಲ ಒಂದೇ ವಾಕ್ಯದಲ್ಲಿ ಹಿಡಿದಿಡುವ ಅಭ್ಯಾಸ ಮಾಡಬೇಕು. ಪಿಟಿಇಯಲ್ಲಿ ಇದೊಂದು ಪ್ರಶ್ನೆಯೇ ಆಗಿದೆ: 75 ಪದಗಳನ್ನು ಮೀರದ ಒಂದೇ ವಾಕ್ಯದಲ್ಲಿ, ಹತ್ತು ನಿಮಿಷಗಳೊಳಗೆ ಸಾರಾಂಶ ಬರೆಯಬೇಕು. ಬೇರೆ ಪರೀಕ್ಷೆಗೆ ಕುಳಿತುಕೊಳ್ಳುವವರಿಗೂ ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾನು ಕಾಣೆ, ಏಕೆಂದರೆ ಮುಖ್ಯ ವಿಚಾರ ಯಾವುದು, ಅದಕ್ಕೆ ಅಧೀನವಾದದ್ದು ಯಾವುದು ಎಂದು ನಿರ್ಧರಿಸದೆ ಅಂಥ ವಾಕ್ಯವನ್ನು ಕಟ್ಟಲಾಗುವುದಿಲ್ಲ. ಕನ್ನಡದಲ್ಲಿ ‘ಮಳೆಗಾಲದಲ್ಲಿ ಮನೆ ಕಳೆದುಕೊಂಡ ಮೀನುಗಾರರು’ ಎಂದು ವಿಶೇಷಣವೆಲ್ಲ ಹೆಸರಿಗಿಂತ ಮೊದಲೇ ಬರುತ್ತದೆ. ಇಂಗ್ಲಿಷಿನಲ್ಲಿ ಮೀನುಗಾರರು ಮೊದಲು ಬಂದು, ಅವರ ಕುರಿತ ವಿವರ ‘ಹೂ’ ಎಂಬ ಕೊಂಡಿಯೊಂದಿಗೆ ಆಮೇಲೆ ಬರುತ್ತದೆ. ಈ ಮಗುಚು ಕೈಗೆ ಹತ್ತುವುದು ಉದ್ದ ವಾಕ್ಯಗಳನ್ನು ಬಿಡಿಸಿ ಮತ್ತೆ ಕಟ್ಟುವುದರಿಂದ.

ಮೂರನೆಯ ಸುತ್ತಿನ ಪ್ರಬಂಧ ಈಗ ಖಾಲಿ ಹಾಳೆಯಿಂದ ಶುರುವಾಗುವುದಿಲ್ಲ. ಕಡಲಂಚಿನ ಜನವಸತಿಯನ್ನು ಒಳನಾಡಿಗೆ ಸ್ಥಳಾಂತರಿಸಬೇಕೇ ಅಥವಾ ತಡೆಗೋಡೆ ಕಟ್ಟಿ ರಕ್ಷಿಸಬೇಕೇ ಎಂಬ ಪ್ರಶ್ನೆಗೆ 40 ನಿಮಿಷಗಳಲ್ಲಿ ಉತ್ತರ ಬರೆಯುವಾಗ, ಆಲಿಸಿದ ವಾದವೂ ಓದಿದ ವಾಕ್ಯರಚನೆಯೂ ಕೈಗೆಟಕುವಂತಿರುತ್ತವೆ. ಬರೆದದ್ದನ್ನು ಮರುದಿನ ಗಟ್ಟಿಯಾಗಿ ಓದಿ. ಉಸಿರು ಎಡವಿದ ಜಾಗದಲ್ಲಿ ವಾಕ್ಯವೂ ಎಡವಿರುತ್ತದೆ. ಮೊಬೈಲಿನ ತಿದ್ದುಪಡಿ ತಂತ್ರಾಂಶಗಳನ್ನು ಬಳಸುವುದಾದರೆ, ಮೊದಲು ತಾನೇ ತಿದ್ದಿಕೊಂಡು ಆಮೇಲೆ ಬಳಸುವುದು ಉತ್ತಮ. ತಪ್ಪನ್ನು ತಾನೇ ಹುಡುಕುವ ಶ್ರಮದಲ್ಲಿಯೇ ಕಲಿಕೆ ಇದೆ, ಪರೀಕ್ಷಾ ಕೊಠಡಿಯಲ್ಲಿ ಆ ತಂತ್ರಾಂಶ ಜೊತೆಗೆ ಬರುವುದೂ ಇಲ್ಲ.

ಐಇಎಲ್‌ಟಿಎಸ್ ಅಕಾಡೆಮಿಕ್‌ನ ಮೊದಲ ಬರಹದಲ್ಲಿ ಕೆಲವೊಮ್ಮೆ ಒಂದು ವಸ್ತುವಿನ ತಯಾರಿಕೆಯ ಹಂತಗಳ ಚಿತ್ರ ಕೊಟ್ಟು ವಿವರಿಸಲು ಹೇಳುತ್ತಾರೆ. ಮಂಗಳೂರಿನವರಿಗೆ ಹೆಂಚಿಗಿಂತ ಒಳ್ಳೆಯ ಅಭ್ಯಾಸ ವಸ್ತು ಬೇಡ. ಬಾಸೆಲ್ ಮಿಶನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಇತಿಹಾಸದ ಬಗ್ಗೆ ಇಂಗ್ಲಿಷಿನಲ್ಲಿ ಓದಲು ಬೇಕಾದಷ್ಟಿದೆ. ಮಣ್ಣು ಅಗೆದು, ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವ ಹಂತಗಳನ್ನು ಮೊದಲು ಗೆಳೆಯನಿಗೆ ಬಾಯಲ್ಲಿ ವಿವರಿಸಿ, ಆಮೇಲೆ ಕರ್ಮಣಿ ಪ್ರಯೋಗದಲ್ಲಿ 150 ಪದಗಳಿಗೆ ಇಳಿಸಿದರೆ, ಪರೀಕ್ಷೆಯಲ್ಲಿ ಯಾವ ವಸ್ತುವಿನ ಚಿತ್ರ ಬಂದರೂ ಕೈ ನಡುಗುವುದಿಲ್ಲ.

ನಾಲ್ಕನೆಯ ಸುತ್ತು ಮಾತು. ಐಇಎಲ್‌ಟಿಎಸ್ ಸ್ಪೀಕಿಂಗ್‌ನ ಎರಡನೆಯ ಭಾಗದಲ್ಲಿ ಒಂದು ಚೀಟಿಯಲ್ಲಿ ವಿಷಯ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಒಂದರಿಂದ ಎರಡು ನಿಮಿಷ ಮಾತನಾಡಲು ಹೇಳುತ್ತಾರೆ. ಇದಕ್ಕೆ ಭಾಷಾ ಬೋಧನೆಯ ವಿದ್ವಾಂಸ ಪಾಲ್ ನೇಷನ್ ಅವರ ಬರಹಗಳಿಂದ ಹೆಸರಾದ 4/3/2 ಎಂಬ ಅಭ್ಯಾಸ ತುಂಬ ಒಪ್ಪುತ್ತದೆ: ಒಂದೇ ವಿಷಯವನ್ನು ಮೊದಲು ಒಬ್ಬರಿಗೆ ನಾಲ್ಕು ನಿಮಿಷಗಳಲ್ಲಿ, ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷಗಳಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷಗಳಲ್ಲಿ ಹೇಳುವುದು. ಹೇಳಬೇಕಾದದ್ದು ಮೊದಲೇ ಗೊತ್ತಿರುವುದರಿಂದ ತಡವರಿಕೆ ಕಡಿಮೆಯಾಗುತ್ತದೆ, ಸಮಯ ಕಡಿಮೆಯಾಗುವುದರಿಂದ ಅನಗತ್ಯವಾದದ್ದು ಉದುರಿಹೋಗುತ್ತದೆ. ಕೊನೆಯ ಸಲದ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಅದರ ಒಂದು ನಿಮಿಷವನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಿ. ಮಾತು ಕಾಗದಕ್ಕೆ ಇಳಿದಾಗ ಬಿಟ್ಟುಹೋದ ‘ದಿ’ಗಳು, ಅರ್ಧಕ್ಕೆ ನಿಂತ ವಾಕ್ಯಗಳು, ಮತ್ತೆ ಮತ್ತೆ ಬಂದ ಒಂದೇ ಪದ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಮಾತು, ಆಲಿಕೆ, ಬರಹ, ಓದು ನಾಲ್ಕೂ ಒಂದೇ ಅಭ್ಯಾಸದಲ್ಲಿ ಸೇರುವುದು ಇಲ್ಲಿ. ಉಚ್ಚಾರಣೆಯ ವಿಷಯದಲ್ಲಿ ಬ್ರಿಟಿಷರ ಧಾಟಿಯನ್ನು ಅನುಕರಿಸುವ ಅಗತ್ಯವಿಲ್ಲ. ನಮ್ಮ ಧಾಟಿಗೆ ಅಂಕ ಕಡಿತವಿಲ್ಲ. ಕೇಳುವವರಿಗೆ ಶ್ರಮವಿಲ್ಲದೆ ಅರ್ಥವಾಗಬೇಕು, ಅಷ್ಟೆ. ‘ವಿ’ ಮತ್ತು ‘ಡಬ್ಲ್ಯು’ ಎರಡನ್ನೂ ಒಂದೇ ವಕಾರವಾಗಿ ಹೇಳುವುದು, ಇಂಗ್ಲಿಷ್ ಪದದೊಳಗಿನ ಒತ್ತು ಬೀಳಬೇಕಾದ ಜಾಗದಲ್ಲಿ ಬೀಳದಿರುವುದು ಎಂಬ ಎರಡನ್ನು ಗಮನಿಸಿಕೊಂಡರೆ ಬಹಳಷ್ಟು ಸಾಧಿಸಿದಂತೆ.

ನರ್ಸಿಂಗ್ ವಿದ್ಯಾರ್ಥಿಗಳಿಗೆ

ಒಇಟಿ ಬರೆಯುವವರಿಗೆ ಈ ಬೆಸುಗೆ ಕೆಲಸದ ಜಾಗದಲ್ಲೇ ಸಿದ್ಧವಾಗಿ ಸಿಗುತ್ತದೆ, ಆದರೂ ಅದನ್ನು ಬಳಸಿಕೊಳ್ಳುವವರು ಕಡಿಮೆ ಎಂಬ ಬೇಸರ ನನಗಿದೆ. ಒಇಟಿಯ ಬರವಣಿಗೆ ವಿಭಾಗಕ್ಕೆ 45 ನಿಮಿಷ. ಮೊದಲ ಐದು ನಿಮಿಷ ರೋಗಿಯ ಟಿಪ್ಪಣಿಗಳನ್ನು ಓದುವುದಕ್ಕೆ, ಉಳಿದ 40 ನಿಮಿಷ ಅವುಗಳ ಆಧಾರದಲ್ಲಿ ಸುಮಾರು 180ರಿಂದ 200 ಪದಗಳ ಪತ್ರ ಬರೆಯುವುದಕ್ಕೆ. ಟಿಪ್ಪಣಿಯಲ್ಲಿರುವುದೆಲ್ಲವನ್ನೂ ಪತ್ರಕ್ಕೆ ತುಂಬಿದರೆ ಅಂಕ ಇಳಿಯುತ್ತದೆ. ಪತ್ರ ಓದುವ ವೈದ್ಯರಿಗೆ ಅಥವಾ ಸಮುದಾಯ ನರ್ಸ್‌ಗೆ ಏನು ಬೇಕು ಎಂಬುದನ್ನು ಆಯ್ದು ಬರೆಯಬೇಕು. ಮಾತಿನ ವಿಭಾಗದಲ್ಲಿ ರೋಗಿಯ ಅಥವಾ ಅವರ ಸಂಬಂಧಿಯ ಪಾತ್ರ ವಹಿಸಿದವರೊಂದಿಗೆ ತಲಾ ಐದು ನಿಮಿಷಗಳ ಎರಡು ಸಂಭಾಷಣೆಗಳಿರುತ್ತವೆ.

ಮಂಗಳೂರಿನ ಯಾವುದೇ ವಾರ್ಡಿನಲ್ಲಿ ತರಬೇತಿಯಲ್ಲಿರುವ ವಿದ್ಯಾರ್ಥಿನಿ ಇದನ್ನು ದಿನವೂ ಮಾಡುತ್ತಿರುತ್ತಾಳೆ. ಎದೆನೋವಿನಿಂದ ಬಂದ ಅಜ್ಜಿ ತುಳುವಿನಲ್ಲಿ ತನ್ನ ಕಥೆಯನ್ನು ಮೊದಲಿನಿಂದ ಹೇಳುತ್ತಾಳೆ: ಬೆಳಿಗ್ಗೆ ಅಂಗಳ ಗುಡಿಸುವಾಗ ಶುರುವಾದದ್ದು, ಮಗ ಮುಂಬಯಿಯಲ್ಲಿರುವುದು, ಹಿಂದಿನ ವಾರವೂ ಒಮ್ಮೆ ಹೀಗಾದದ್ದು, ಮಾತ್ರೆ ಮುಗಿದು ನಾಲ್ಕು ದಿನವಾದದ್ದು. ಇದನ್ನೆಲ್ಲ ಆಲಿಸಿದ ವಿದ್ಯಾರ್ಥಿನಿ ನೋವು ಯಾವಾಗ, ಏನು ಮಾಡುವಾಗ ಆರಂಭವಾಯಿತು, ಮೊದಲೂ ಆಗಿತ್ತೇ, ಯಾವ ಔಷಧ ನಿಂತಿದೆ ಎಂಬಷ್ಟನ್ನು ಆಯ್ದು ಇಂಗ್ಲಿಷಿನಲ್ಲಿ ದಾಖಲಿಸುತ್ತಾಳೆ, ಪಾಳಿ ಬದಲಾಗುವಾಗ ಮುಂದಿನವರಿಗೆ ಬಾಯಲ್ಲಿ ಹೇಳುತ್ತಾಳೆ. ಮಗ ಮುಂಬಯಿಯಲ್ಲಿರುವುದು ತುರ್ತು ಟಿಪ್ಪಣಿಗೆ ಬೇಡವಾದರೂ, ಮನೆಗೆ ಕಳಿಸುವಾಗ ಬರೆಯುವ ಪತ್ರಕ್ಕೆ ಬೇಕಾಗುತ್ತದೆ, ಏಕೆಂದರೆ ಮನೆಯಲ್ಲಿ ನೋಡಿಕೊಳ್ಳುವವರು ಯಾರೆಂಬುದು ಅಲ್ಲಿ ಮುಖ್ಯ. ಒಇಟಿ ಅಳೆಯುವುದು ಈ ವಿವೇಚನೆಯನ್ನೇ. ರೋಗಿಯ ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬಿಟ್ಟು, ದಿನದ ಒಂದು ಪ್ರಕರಣವನ್ನು ಸಂಜೆ ಪತ್ರರೂಪಕ್ಕೆ ತಂದು, ಸಹಪಾಠಿಯೊಂದಿಗೆ ಸಂಭಾಷಣೆಯಾಗಿ ಆಡಿ ನೋಡಿದರೆ, ಬರವಣಿಗೆ ಮತ್ತು ಮಾತು ಎರಡಕ್ಕೂ ತಯಾರಿ ಒಟ್ಟಿಗೇ ನಡೆಯುತ್ತದೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಒಇಟಿಯಲ್ಲಿ ಬೇಕಾಗಿರುವುದು ಓದು, ಆಲಿಸುವಿಕೆ, ಮಾತುಗಳಲ್ಲಿ ಬಿ ಶ್ರೇಣಿ ಮತ್ತು ಬರವಣಿಗೆಯಲ್ಲಿ ಸಿ ಪ್ಲಸ್.

ಮಾದರಿ ಪರೀಕ್ಷೆಗಳು ಮತ್ತು ಸಿದ್ಧ ಉತ್ತರಗಳು

ದಿನ ಬಿಟ್ಟು ದಿನ ಪೂರ್ಣ ಮಾದರಿ ಪರೀಕ್ಷೆ ಬರೆಯಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮಾದರಿ ಪರೀಕ್ಷೆ ಮಟ್ಟವನ್ನು ಅಳೆಯುತ್ತದೆ, ಬೆಳೆಸುವುದಿಲ್ಲ. ಬರೆದ ಪರೀಕ್ಷೆಯ ತಪ್ಪುಗಳ ಮೂಲ ಹುಡುಕಲು ಅದನ್ನು ಬರೆಯಲು ಹಿಡಿದದ್ದಕ್ಕಿಂತ ಹೆಚ್ಚು ಸಮಯ ಕೊಡಲಾಗದಿದ್ದರೆ ಇನ್ನೊಂದನ್ನು ಬರೆಯುವುದರಲ್ಲಿ ಅರ್ಥವಿಲ್ಲ. ಸಿದ್ಧ ಪ್ರಬಂಧಗಳನ್ನೂ ಸಿದ್ಧ ಮಾತುಗಳನ್ನೂ ಬಾಯಿಪಾಠ ಮಾಡಿಸುವುದು ಇದಕ್ಕಿಂತ ಹೆಚ್ಚು ಅಪಾಯಕಾರಿ. ಕಂಠಪಾಠವನ್ನು ಗುರುತಿಸಲು ಪರೀಕ್ಷಕರಿಗೆ ತರಬೇತಿ ಇರುತ್ತದೆ. ನಿರರ್ಗಳವಾಗಿ ಹರಿಯುತ್ತಿದ್ದ ಮಾತು ಮುಂದಿನ ಪ್ರಶ್ನೆಗೆ ತಡವರಿಸಿದ ಕೂಡಲೇ ಯಾರಿಗಾದರೂ ಅದು ತಿಳಿಯುತ್ತದೆ. ಸಾವಿರಾರು ರೂಪಾಯಿ ಶುಲ್ಕ ಕಟ್ಟಿ, ಮನೆಯವರ ನಿರೀಕ್ಷೆ ಹೊತ್ತು ಬರುವ ಮಕ್ಕಳಿಗೆ ಇಂಥ ಅಡ್ಡದಾರಿಯನ್ನು ತೋರಿಸುವುದು ನ್ಯಾಯವಲ್ಲ.

ಐಇಎಲ್‌ಟಿಎಸ್‌ನಲ್ಲಿ ಈಗ ಕಂಪ್ಯೂಟರ್ ಮೂಲಕ ಬರೆದವರಿಗೆ ಒಂದೇ ವಿಭಾಗವನ್ನು 60 ದಿನಗಳೊಳಗೆ ಮತ್ತೊಮ್ಮೆ ಬರೆಯುವ ಅವಕಾಶವಿದೆ. ಅರ್ಧ ಬ್ಯಾಂಡಿನಿಂದ ತಪ್ಪಿದವರಿಗೆ ಇದೊಂದು ದೊಡ್ಡ ನೆರವು. ಆದರೆ ತಾನು ಅರ್ಜಿ ಹಾಕುವ ವಿಶ್ವವಿದ್ಯಾಲಯ ಅಥವಾ ಮಂಡಳಿ ಅಂಥ ಅಂಕಪಟ್ಟಿಯನ್ನು ಒಪ್ಪುತ್ತದೆಯೇ ಎಂದು ಮೊದಲು ತಿಳಿದುಕೊಳ್ಳಬೇಕು. ಬರವಣಿಗೆಯೊಂದನ್ನೇ ಮತ್ತೆ ಬರೆಯುವವರು ಆ ಎರಡು ತಿಂಗಳು ಬರೆಯುತ್ತಲೇ ಕೂರದೆ, ಮೇಲೆ ಹೇಳಿದ ಎರಡನೆಯ ಓದಿಗೆ ಅರ್ಧದಷ್ಟು ಸಮಯ ಕೊಟ್ಟರೆ ಅಂಕ ಏರುವ ಸಾಧ್ಯತೆ ಹೆಚ್ಚು.

ಪರೀಕ್ಷೆಗೆ ಎರಡು ವಾರ ಉಳಿದಾಗ ಮಾತ್ರ ಅಭ್ಯಾಸದ ಸ್ವರೂಪ ಬದಲಾಗಬೇಕು. ಲಿಸನಿಂಗ್, ರೀಡಿಂಗ್, ರೈಟಿಂಗ್ ಮೂರನ್ನೂ ನಡುವೆ ಎದ್ದುಹೋಗದೆ ಒಂದೇ ಸಲ ಕುಳಿತು ಮುಗಿಸುವ ದೇಹದ ಅಭ್ಯಾಸ ಆಗ ಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಬರೆಯುವವರು ಕೀಲಿಮಣೆಯಲ್ಲಿ 250 ಪದ ಹೊಡೆಯಲು ತಮಗೆ ಎಷ್ಟು ಹೊತ್ತು ಬೇಕೆಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಪರೀಕ್ಷೆಗಳ ಸ್ವರೂಪವೂ ಆಗಾಗ ಬದಲಾಗುತ್ತಿರುತ್ತದೆ. ಟೋಫೆಲ್ 2023ರಲ್ಲಿ ಎರಡು ಗಂಟೆಯೊಳಗಿನ ಪರೀಕ್ಷೆಯಾಗಿ ಚಿಕ್ಕದಾಯಿತು, 2026ರ ಜನವರಿಯಿಂದ ಅದರ ಪ್ರಶ್ನೆಗಳ ಬಗೆಯೂ ಅಂಕ ಕೊಡುವ ಅಳತೆಯೂ ಮತ್ತೆ ಬದಲಾದವು. ಪಿಟಿಇಗೆ 2025ರ ಆಗಸ್ಟ್‌ನಲ್ಲಿ ಗುಂಪು ಚರ್ಚೆಯನ್ನು ಆಲಿಸಿ ಸಾರ ಹೇಳುವ ಹೊಸ ಪ್ರಶ್ನೆ ಸೇರಿತು. ಹಾಗಾಗಿ ಹಿರಿಯ ವಿದ್ಯಾರ್ಥಿಗಳಿಂದ ಬಂದ ಹಳೆಯ ಪುಸ್ತಕಗಳನ್ನು ಓದು ಮತ್ತು ಆಲಿಕೆಯ ಸಾಮಗ್ರಿಯಾಗಿ ಬಳಸಬಹುದಾದರೂ, ಪ್ರಶ್ನೆಗಳ ಮಾದರಿಗೆ ಆಯಾ ಸಂಸ್ಥೆಯ ಅಧಿಕೃತ ಜಾಲತಾಣದ ಇತ್ತೀಚಿನ ಮಾದರಿ ಪ್ರಶ್ನೆಪತ್ರಿಕೆಯನ್ನೇ ನೋಡಬೇಕು, ಮತ್ತು ಅದನ್ನು ನೋಡುವ ಕೆಲಸವನ್ನು ಶುಲ್ಕ ಕಟ್ಟುವುದಕ್ಕೆ ಮೊದಲೇ ಮುಗಿಸಿರಬೇಕು.